ಎರಡನೇ ಕೃಷ್ಣನ ಪಾರ್ಟು

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ದುರ್ಯೋಧನನಾಗಬೇಕಾದರೆ ಕೈಯಿಂದ ದುಡ್ಡು ಹಾಕಬೇಕು. ಕೃಷ್ಣನಿಗೂ ಹಾಗೆಯೇ, ಕರ್ಣನಿಗೂ ಭೀಮನಿಗೂ ಹಾಗೆಯೇ. ‘ಕುರುಕ್ಷೇತ್ರ’ ಆಡುವುದೆಂದು ಊರಿನಲ್ಲಿ ತೀರ್ಮಾನವಾದ ಕೂಡಲೇ ಪಾರ್ಟುಗಳಿಗೆ ಬೆಲೆ ಕಟ್ಟುತ್ತಾರೆ. ಹಾಡು, ಕಂದ ಹೆಚ್ಚಿರುವ ಪಾರ್ಟಿಗೆ ಹೆಚ್ಚು. ಎರಡು ಸೀನು ಬಂದು ಹೋಗುವ ಸಾತ್ಯಕಿಗೆ, ಸೈಂಧವನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಲೈಟು, ಮೈಕು, ಹೊರಗಿನಿಂದ ಬರುವ ದ್ರೌಪದಿ-ಕುಂತಿಯರ ಸಂಭಾವನೆ ಎಲ್ಲವೂ ಆ ಹಣದಲ್ಲೇ ನಡೆಯಬೇಕು. ಕೊಟ್ಟವನಿಗೆ ವಾಪಸು ಸಿಗುವುದೇನು? ಕರಪತ್ರದಲ್ಲಿ ಒಂದು ಫೋಟೊ, ನೆಂಟರು ಹಾಕುವ ಹಾರ, ನಡುರಾತ್ರಿಯಲ್ಲಿ ಒಂದು ಒನ್ಸ್ ಮೋರ್. ಆದರೂ ಪಾರ್ಟಿಗೆ ಜನ ಸಿಗದೆ ನಾಟಕ ನಿಂತಿತೆಂಬ ಮಾತು ಅಪರೂಪ. ಜನ ಹೆಚ್ಚಾದ ತೊಂದರೆಯೇ ಜಾಸ್ತಿ. ಅದಕ್ಕೂ ಉಪಾಯವಿದೆ: ಕೃಷ್ಣನನ್ನು ಇಬ್ಬರು ಮಾಡುತ್ತಾರೆ. ಅರ್ಧ ನಾಟಕಕ್ಕೆ ಒಬ್ಬ, ಉಳಿದರ್ಧಕ್ಕೆ ಇನ್ನೊಬ್ಬ. ಕರಪತ್ರದಲ್ಲಿ ‘1ನೇ ಕೃಷ್ಣ’, ‘2ನೇ ಕೃಷ್ಣ’ ಎಂದೇ ಅಚ್ಚಾಗುತ್ತದೆ. ಮೊದಲನೆಯವನು ಕುಳ್ಳ, ಎರಡನೆಯವನು ಆರಡಿ ಎತ್ತರ; ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಇಲ್ಲ. ನೋಡುವವರು ಯಾರೂ ತಕರಾರು ತೆಗೆಯುವುದಿಲ್ಲ.

ತಾಲೀಮಿನ ಮನೆಗೆ ಹೋಗಿ ನೋಡಿದರೆ ಇನ್ನೂ ಸ್ವಾರಸ್ಯ. ಹಗಲೆಲ್ಲ ಗದ್ದೆಯಲ್ಲಿ ನೀರು ಕಟ್ಟಿದವನು, ಬಸ್ಸು ಓಡಿಸಿದವನು, ಡೇರಿಯಲ್ಲಿ ಹಾಲು ಅಳೆದವನು, ಪ್ರೈಮರಿ ಶಾಲೆಯ ಮೇಷ್ಟ್ರು ಎಲ್ಲರೂ ರಾತ್ರಿ ಊಟ ಮುಗಿಸಿ ಬಂದು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಬಾರದವನ ಮನೆಗೆ ಯಾರಾದರೂ ಹೋಗಿ ಬಾಗಿಲು ಬಡಿಯುತ್ತಾರೆ. ಅವನು ಬಾರದಿದ್ದರೆ ಎದುರಿನ ಪಾರ್ಟಿನವನ ಮಾತು ಮುಂದೆ ಹೋಗುವುದಿಲ್ಲ. ಶಕುನಿ ಇಲ್ಲದೆ ದುರ್ಯೋಧನ ಪಗಡೆ ಆಡುವುದು ಹೇಗೆ? ಇದನ್ನು ಸಂಘಟನಾ ಶಾಸ್ತ್ರವೆಂದು ಯಾರೂ ಅಲ್ಲಿ ಹೇಳಿಕೊಟ್ಟಿಲ್ಲ. ಆದರೆ ಜನರನ್ನು ಒಂದು ಕೂಟಕ್ಕೆ ಕರೆದು ತಂದು, ಉಳಿಸಿಕೊಂಡು, ಅವರ ಕೈಯಿಂದಲೇ ಹಣ ಹಾಕಿಸಿ, ಕೊನೆಗೆ ಊರಿನ ಮುಂದೆ ನಿಲ್ಲಿಸುವ ವಿದ್ಯೆ ಈ ನೆಲಕ್ಕೆ ಚೆನ್ನಾಗಿ ಗೊತ್ತು.

ಹಾಗಿದ್ದೂ ಇದೇ ನೆಲದಲ್ಲಿ ಸೇವಾ ಸಂಸ್ಥೆಗಳು ಸದಸ್ಯರಿಲ್ಲವೆಂದು ಗೋಳಾಡುತ್ತವೆ.

ಜೂನ್ ಕೊನೆ, ಜುಲೈ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಲ್ಯಾಣ ಮಂಟಪಗಳಲ್ಲಿ ಪದಗ್ರಹಣದ ಸುಗ್ಗಿ. ರೋಟರಿ, ಲಯನ್ಸ್, ಅಲಯನ್ಸ್, ಇನ್ನರ್ ವೀಲ್. ಕೊರಳಿಗೆ ಕಾಲರ್, ಕೋಟಿಗೆ ಪಿನ್ನು, ಕೈಗೆ ಸುತ್ತಿಗೆ. ಹೊಸ ಸದಸ್ಯರನ್ನು ವೇದಿಕೆಗೆ ಕರೆದು, ಪ್ರತಿಜ್ಞೆ ಬೋಧಿಸಿ, ಚಪ್ಪಾಳೆ ತಟ್ಟಿ, ಗ್ರೂಪ್ ಫೋಟೊ ತೆಗೆಯುತ್ತಾರೆ. ದಸರಾ ಹೊತ್ತಿಗೆ ಆ ಫೋಟೊದಲ್ಲಿದ್ದ ಕೆಲವರು ಸಭೆಗೆ ಬರುವುದನ್ನು ನಿಲ್ಲಿಸಿರುತ್ತಾರೆ. ಯುಗಾದಿ ಹೊತ್ತಿಗೆ ಫೋನು ಎತ್ತುವುದನ್ನೂ ನಿಲ್ಲಿಸಿರುತ್ತಾರೆ. ಮುಂದಿನ ಜುಲೈನಲ್ಲಿ ಹೊಸ ಅಧ್ಯಕ್ಷರು ಬಂದು ಹೊಸ ಮುಖಗಳನ್ನು ಹುಡುಕಲು ಹೊರಡುತ್ತಾರೆ.

ಬೆಳಕವಾಡಿಯಂಥ ಊರನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸಿದರೆ ಕಷ್ಟ ಎಲ್ಲಿದೆಯೆಂದು ಕಾಣುತ್ತದೆ. ಮಳವಳ್ಳಿ ತಾಲ್ಲೂಕಿನ, ಶಿವನಸಮುದ್ರಕ್ಕೆ ಹತ್ತಿರದ ಊರು. ಸಂಗೀತ ಬಲ್ಲವರಿಗೆ ಇದು ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ಅವರ ಹೆಸರಿನ ಮುಂದೆ ನಿಂತಿರುವ ಊರು. ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಆ ಕರೆಂಟು ಸುತ್ತಲಿನ ಹಳ್ಳಿಗಳ ತಲೆಯ ಮೇಲಿಂದ ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ದೊಡ್ಡದೆಲ್ಲ ನಮ್ಮನ್ನು ದಾಟಿಕೊಂಡು ಹೋಗುತ್ತದೆ ಎಂಬ ಭಾವನೆ ಇಂಥ ಊರುಗಳಲ್ಲಿ ಹಳೆಯದು. ಕ್ಲಬ್ಬುಗಳ ಮಟ್ಟಿಗೂ ಅಷ್ಟೇ. ಅವು ಜಿಲ್ಲಾ ಕೇಂದ್ರದಲ್ಲಿ, ತಾಲ್ಲೂಕು ಕೇಂದ್ರದಲ್ಲಿ ಇರುತ್ತವೆ. ಹಳ್ಳಿಗೆ ಶಿಬಿರ ಮಾಡಲು ಬ್ಯಾನರು ಹಿಡಿದು ಬರುತ್ತವೆ, ಸಂಜೆಗೆ ಬ್ಯಾನರು ಸುತ್ತಿಕೊಂಡು ಹೋಗುತ್ತವೆ. ಹಳ್ಳಿಯವರು ಸೇವೆಯನ್ನು ಪಡೆಯುವ ಜಾಗದಲ್ಲಿ ಇರುತ್ತಾರೆಯೇ ಹೊರತು ಮಾಡುವ ಜಾಗದಲ್ಲಿ ಅಲ್ಲ.

ಸದಸ್ಯರನ್ನು ಸೇರಿಸುವ ಪದ್ಧತಿಯೇ ಹಾಗಿದೆ. ಹೊಸ ಕ್ಲಬ್ಬಿಗೆ ಚಾರ್ಟರ್ ಬೇಕೆಂದರೆ ರೋಟರಿಯಲ್ಲೂ ಲಯನ್ಸ್‌ನಲ್ಲೂ ಕನಿಷ್ಠ 20 ಜನ ಬೇಕು. ಹೊಸಬನನ್ನು ಹಳಬನೊಬ್ಬ ಶಿಫಾರಸು ಮಾಡಬೇಕು. ಪ್ರವೇಶ ಶುಲ್ಕ, ವಾರ್ಷಿಕ ಶುಲ್ಕ, ಅದರ ಜೊತೆಗೆ ಡಾಲರ್ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಕಚೇರಿಗೆ ತಲಾ ಇಷ್ಟೆಂದು ಕಟ್ಟುವ ಹಣ. ರೂಪಾಯಿ ಇಳಿದಾಗಲೆಲ್ಲ ಮಳವಳ್ಳಿಯ ಗೊಬ್ಬರದ ಅಂಗಡಿಯವನ ಸದಸ್ಯತ್ವ ತುಟ್ಟಿಯಾಗುತ್ತದೆ. ಮೇಲಿನಿಂದ ಪ್ರತಿ ವರ್ಷ ಗುರಿ ಬರುತ್ತದೆ: ಇಷ್ಟು ಜನರನ್ನು ಸೇರಿಸಿ. ಗುರಿ ಮುಟ್ಟಿದ ಅಧ್ಯಕ್ಷನಿಗೆ ಜಿಲ್ಲಾ ಸಮಾವೇಶದಲ್ಲಿ ಫಲಕ. ಸೇರಿದವನು ಏನು ಮಾಡುತ್ತಿದ್ದಾನೆ ಎಂದು ಕೇಳುವ ಫಲಕ ಇಲ್ಲ. ಹೀಗಾಗಿ ಹೆಸರಿಗಷ್ಟೇ ಸದಸ್ಯರಾದವರು ಹುಟ್ಟಿಕೊಳ್ಳುತ್ತಾರೆ. ಅಧ್ಯಕ್ಷನೇ ತನ್ನ ಭಾಮೈದನ, ಗೆಳೆಯನ, ಅಂಗಡಿಯ ಪಾಲುದಾರನ ಶುಲ್ಕ ಕಟ್ಟಿ ಸಂಖ್ಯೆ ತುಂಬಿಸುತ್ತಾನೆ. ಅವನ ವರ್ಷ ಮುಗಿದ ಮರುದಿನ ಇವರ ಸದಸ್ಯತ್ವವೂ ಮುಗಿಯುತ್ತದೆ. ಈ ಲೋಕವನ್ನು ಹತ್ತಿರದಿಂದ ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಕನ್ನಡದ ಸಂಘಟನೆಗಳೂ ಇದಕ್ಕೆ ಹೊರತಲ್ಲ. ಚುನಾವಣೆ ಹತ್ತಿರ ಬಂದಾಗ ಮಾತ್ರ ಬೆಲೆ ಬರುವ ಆಜೀವ ಸದಸ್ಯರು ನಮ್ಮಲ್ಲಿ ಕಡಿಮೆ ಇಲ್ಲ.

ರೋಟರಿಯ ಹುಟ್ಟಿನ ಕಾಲದ ಒಂದು ಪ್ರಸಂಗ ಇಲ್ಲಿ ಹೇಳಬೇಕು. 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ದರ್ಜಿ ಹೈರಮ್ ಶೋರಿ ಸೇರಿ ಕೂತರು. ಆಗ ಅದರ ಉದ್ದೇಶ ಎರಡೇ: ಒಬ್ಬರಿಗೊಬ್ಬರು ವ್ಯಾಪಾರ ಒದಗಿಸಿಕೊಳ್ಳುವುದು, ಸ್ನೇಹ ಬೆಳೆಸಿಕೊಳ್ಳುವುದು. ಸೇವೆಯ ಸುದ್ದಿಯೇ ಇರಲಿಲ್ಲ. ಮರುವರ್ಷ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಸೇರೆಂದು ಕರೆದರು. ಅವನು ನಿಯಮಾವಳಿ ಓದಿ, ತಮ್ಮವರಿಗೆ ಮಾತ್ರ ಲಾಭ ಮಾಡಿಕೊಳ್ಳುವ ಕೂಟಕ್ಕೆ ಭವಿಷ್ಯವಿಲ್ಲ, ನಾನು ಬರುವುದಿಲ್ಲ ಎಂದ. ಕರೆಯಲು ಹೋದವರು ಮುಖ ಸಿಂಡರಿಸಿಕೊಂಡು ವಾಪಸು ಬರಲಿಲ್ಲ. ಹಾಗಾದರೆ ನೀನೇ ಒಳಗೆ ಬಂದು ನಿಯಮ ತಿದ್ದಿಸು ಎಂದರು. ಅವನು ಬಂದ, ನಗರದ ಹಿತವೂ ಉದ್ದೇಶಗಳಲ್ಲಿ ಸೇರಿತು. ಕೆಲವೇ ವರ್ಷಗಳಲ್ಲಿ ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಆ ಕ್ಲಬ್ಬು ಓಡಾಡಿತು. ಅದೇ ಅದರ ಮೊದಲ ಸೇವಾ ಕಾರ್ಯ.

ಒಲ್ಲೆ ಎಂದವನಿಗೆ ಇಂಥ ಕೆಲಸ ಒಪ್ಪಿಸುವ ಕ್ಲಬ್ಬುಗಳು ಇವತ್ತು ಎಷ್ಟಿವೆ? ನಮ್ಮ ಕಡೆ ಹೊಸ ಸದಸ್ಯ ಮೊದಲ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದರೆ, ‘ಇನ್ನೂ ಹೊಸಬರು, ಮುಂದೆ ಗೊತ್ತಾಗುತ್ತೆ ಬಿಡಿ ಸಾರ್’ ಎಂದು ಬಾಯಿ ಮುಚ್ಚಿಸುತ್ತಾರೆ. ಪ್ರಶ್ನೆ ಕೇಳುವಷ್ಟು ಆಸಕ್ತಿ ಇದ್ದವನೇ ಮೊದಲು ಬಿಟ್ಟು ಹೋಗುತ್ತಾನೆ. ಅವನು ಹೋದದ್ದು ವರದಿಯಲ್ಲಿ ‘ಕೆಲಸದ ಒತ್ತಡ’ ಎಂದು ದಾಖಲಾಗುತ್ತದೆ.

ಬಾಗಿಲಲ್ಲಿ ಹೊಸಬನನ್ನು ತಡೆಯುವ ಕಥೆಯನ್ನು ಈ ಸೀಮೆಯವರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ ಇದೇ ಮಳವಳ್ಳಿ ತಾಲ್ಲೂಕಿನದು. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಕಲ್ಯಾಣದ ಭಾಗ ಬರುತ್ತದೆ. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಶರಣರು. ಮಂಟೇಸ್ವಾಮಿ ಹುಣ್ಣು ಹರಿದ ಮೈಯ, ನಾತ ಹೊಡೆಯುವ ತಿರುಕನ ವೇಷದಲ್ಲಿ ಬರುತ್ತಾನೆ. ಬಾಗಿಲು ಕಾಯುವವರು ಬಡಿದು ಓಡಿಸುತ್ತಾರೆ. ಕೊನೆಗೆ ಗುರುತು ಹಿಡಿಯುವವರು ಬಸವಣ್ಣ, ನೀಲಮ್ಮ. ಆಮೇಲೆ ಆ ದೊಡ್ಡ ಸಂಖ್ಯೆಯಲ್ಲಿ ನಿಜವಾದವರೆಷ್ಟು, ಊಟಕ್ಕೆ ವೇಷ ಹಾಕಿದವರೆಷ್ಟು ಎಂಬ ಪರೀಕ್ಷೆ ನಡೆಯುತ್ತದೆ. ಹುಸಿ ಜಂಗಮರು ದಿಕ್ಕು ಸಿಕ್ಕತ್ತ ಓಡುತ್ತಾರೆ. ಸದಸ್ಯತ್ವದ ಅಂಕಿ ಅಂಶ ಹಿಡಿದು ಬೀಗುವ ಪದಾಧಿಕಾರಿಗಳು ಒಂದು ರಾತ್ರಿ ಈ ಹಾಡಿಗೆ ಕೂರುವುದು ಒಳ್ಳೆಯದು.

ಅದೇ ಕಾವ್ಯದಲ್ಲಿ ಮುಂದೆ ಶಿಷ್ಯನನ್ನು ಪಡೆಯುವ ಕಥೆಯೂ ಇದೆ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿ ಬೇಕೆಂದು ಮಂಟೇಸ್ವಾಮಿ ಹಟ ಹಿಡಿಯುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಪಟ್ಟು ಬಿಡದೆ, ನಾನಾ ಬಗೆಯಲ್ಲಿ ಕಾಡಿ, ಕೊನೆಗೆ ಕರೆದುಕೊಂಡೇ ಹೋಗುತ್ತಾನೆ. ಆ ಹುಡುಗ ಸಿದ್ಧಪ್ಪಾಜಿಯಾಗುತ್ತಾನೆ. ಅವನಿಗೆ ಒಪ್ಪಿಸುವ ಕೆಲಸವೇನು? ಮಳವಳ್ಳಿ ತಾಲ್ಲೂಕಿನದೇ ಆದ ಹಲಗೂರಿಗೆ ಹೋಗಿ ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವುದು. ಯಾರೂ ಕೊಡಲೊಲ್ಲದ ಭಿಕ್ಷೆ ಅದು. ಸುಲಭದ ಕೆಲಸ ಕೊಟ್ಟಿದ್ದರೆ ಈ ಕಥೆಯನ್ನು ಯಾರು ಹಾಡುತ್ತಿದ್ದರು? ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆಗೆ ಇಂದಿಗೂ ಹೊಳೆಯಾಚೆ ಈಚೆಯ ಒಕ್ಕಲುಗಳು ಗಾಡಿ ಕಟ್ಟಿಕೊಂಡು, ಈಗ ಟೆಂಪೊ ಹಿಡಿದು, ಹೋಗುತ್ತವೆ. ಅಲ್ಲಿ ಸದಸ್ಯತ್ವ ನವೀಕರಣದ ನೋಟಿಸು ಇಲ್ಲ. ಭಕ್ತಿಯ ಮಾತು ಬೇರೆ, ಕ್ಲಬ್ಬಿನ ಮಾತು ಬೇರೆ ಎಂದು ಯಾರಾದರೂ ಹೇಳಬಹುದು, ಒಪ್ಪೋಣ. ಹೊಸಬನಿಗೆ ಪಿನ್ನು ಚುಚ್ಚಿ ಹಿಂದಿನ ಸಾಲಿನ ಕುರ್ಚಿ ತೋರಿಸುವುದಕ್ಕೂ, ಹೋಗು ಕಬ್ಬಿಣ ತಾ ಎನ್ನುವುದಕ್ಕೂ ಇರುವ ಅಂತರ ಮಾತ್ರ ಭಕ್ತಿಯದಲ್ಲ.

ಇನ್ನು ಯಾರನ್ನು ಕರೆಯುತ್ತೇವೆ ಎಂಬ ಪ್ರಶ್ನೆ. ತಾಲ್ಲೂಕು ಮಟ್ಟದ ಕ್ಲಬ್ಬಿನ ಪಟ್ಟಿ ತೆಗೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಡಾಕ್ಟರು, ವಕೀಲರು, ಗುತ್ತಿಗೆದಾರರು, ಪೆಟ್ರೋಲ್ ಬಂಕಿನವರು, ಖಾಸಗಿ ಶಾಲೆಯ ಕಾರ್ಯದರ್ಶಿಗಳು. ಒಬ್ಬರ ಗೆಳೆಯ ಇನ್ನೊಬ್ಬ, ಒಬ್ಬರ ನೆಂಟ ಇನ್ನೊಬ್ಬ. ಶಿಫಾರಸಿನ ದಾರಿಯಲ್ಲಿ ನಡೆದರೆ ಒಂದೇ ಬೀದಿ, ಒಂದೇ ಜಾತಿ, ಒಂದೇ ಆದಾಯದ ಜನರ ಬಳಿಗೇ ಹೋಗಿ ನಿಲ್ಲುತ್ತೇವೆ. ಕಾಲೋನಿಯ ಹುಡುಗ ರಕ್ತ ಕೊಡಲು ಬೇಕು, ಸಭೆಗೆ ಅವನನ್ನು ಕರೆಯುವವರಿಲ್ಲ. ಕರೆದರೂ ಹೆಚ್ಚಾಗಿ ಸಿಗುವ ಉತ್ತರ, ‘ದೊಡ್ಡೋರ ಕ್ಲಬ್ಬು, ನಮ್ಗ್ಯಾಕ್ ಬುಡಿ ಅಣ್ಣ.’ ಆ ಉತ್ತರದಲ್ಲಿರುವುದು ವಿನಯ ಎಂದು ತಿಳಿದುಕೊಂಡವರು ಮೋಸ ಹೋದರು.

ಹೆಂಗಸರ ವಿಷಯ ಇನ್ನೂ ವಿಚಿತ್ರ. ಲಯನ್ಸ್ ಹೆಂಗಸರಿಗೆ ಸದಸ್ಯತ್ವ ಕೊಟ್ಟಿದ್ದು 1987ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ರೋಟರಿಯ ವಿರುದ್ಧ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ರೋಟರಿಯೂ ಜಗತ್ತಿನಾದ್ಯಂತ ಬಾಗಿಲು ತೆರೆಯಿತು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಅದಕ್ಕಾಗಿ ಕಾಯುತ್ತಾ ಕೂರಲಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಗಿ ಆಮೇಲೆ ಬಯಲು ಸೀಮೆಗೂ ಹಬ್ಬಿತು. ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ಇವತ್ತು ಮಳವಳ್ಳಿ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ‘ಸಂಘ’ ಎಂದರೂ ಜನಕ್ಕೆ ಅರ್ಥವಾಗುವುದು ಹೆಂಗಸರ ಉಳಿತಾಯ ಸಂಘ. ವಾರಕ್ಕೊಂದು ಸಭೆ, ಗೊತ್ತಾದ ದಿನ, ಗೊತ್ತಾದ ಹೊತ್ತು. ಪುಸ್ತಕ ಬರೆಯುವವಳು ಒಬ್ಬಳು, ಬ್ಯಾಂಕಿಗೆ ಹೋಗುವವಳು ಒಬ್ಬಳು. ಸಾಲದ ಕಾಟ, ಕಂತಿನ ಒತ್ತಡ, ಅದರ ನೋವು ಬೇರೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಹಾಜರಾತಿ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು, ಹೋಟೆಲಿನ ಹವಾನಿಯಂತ್ರಿತ ಹಾಲಿಗಲ್ಲ. ಹತ್ತು ವರ್ಷ ಸಂಘದ ಲೆಕ್ಕ ಬರೆದ ಹೆಂಗಸಿಗಿಂತ ಒಳ್ಳೆಯ ಕಾರ್ಯದರ್ಶಿ ಯಾವ ಕ್ಲಬ್ಬಿಗೆ ಸಿಕ್ಕಾನು? ಅವಳನ್ನು ಕರೆದದ್ದು ಮಾತ್ರ ಹೊಲಿಗೆ ಯಂತ್ರ ವಿತರಣೆಯ ದಿನ, ಫಲಾನುಭವಿಯಾಗಿ.

ಯುವಕರು ಸಿಗುತ್ತಿಲ್ಲ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಓದಿದವರು ಬೆಂಗಳೂರಿಗೆ ಹೋದರು. ಉಳಿದವರಲ್ಲಿ ಅನೇಕರು ಬಿಡದಿ, ರಾಮನಗರ, ಮೈಸೂರಿನ ಕಾರ್ಖಾನೆಗಳ ಪಾಳಿಗೆ ಹೊಂದಿಕೊಂಡರು. ಆದರೆ ಊರಿನ ಹಬ್ಬಕ್ಕೆ, ಕೊಂಡಕ್ಕೆ, ಅಣ್ಣನ ಮಗಳ ಮದುವೆಗೆ ಇವರೇ ಬೈಕು ಹತ್ತಿ ಬರುತ್ತಾರೆ. ಕಾವೇರಿ ನೀರಿನ ಗಲಾಟೆಯಾದಾಗಲಂತೂ ಯಾರೂ ಯಾರಿಗೂ ಸದಸ್ಯತ್ವದ ಅರ್ಜಿ ಕೊಡದೆ ಜಿಲ್ಲೆಗೆ ಜಿಲ್ಲೆಯೇ ರಸ್ತೆಗೆ ಬಂದಿದೆ. ಜಿ. ಮಾದೇಗೌಡರು ಕಾವೇರಿ ಹಿತರಕ್ಷಣಾ ಸಮಿತಿಯ ಮುಂದೆ ನಿಂತ ದಿನಗಳನ್ನು ಕಂಡವರಿಗೆ ಇದು ಗೊತ್ತು. ತುರ್ತು ಮುಗಿದ ಮೇಲೆ ಆ ಜನ ಮನೆಗೆ ಹೋಗುತ್ತಾರೆ, ಹೋಗಲೇಬೇಕು. ಯಾರೂ ವರ್ಷವಿಡೀ ರಸ್ತೆಯಲ್ಲಿ ಕೂರಲಾರರು. ಕ್ಲಬ್ಬಿನವರು ಕೇಳುವುದು ತಿಂಗಳಿಗೆ ಎರಡು ಸಭೆ, ವಾರದ ದಿನ, ಸಂಜೆ ಏಳಕ್ಕೆ. ಪಾಳಿಯಲ್ಲಿ ದುಡಿಯುವವನಿಗೆ ಇದು ಆಗದ ಮಾತು. ರೋಟರಿ 2016ರಲ್ಲೇ ಹಾಜರಾತಿಯ, ಸಭೆಯ ನಿಯಮಗಳನ್ನು ಸಡಿಲಿಸಿ ಕ್ಲಬ್ಬುಗಳಿಗೇ ಬಿಟ್ಟಿತು. ಕಾಗದದ ಮೇಲೆ ಸಡಿಲವಾಯಿತು. ಏಳು ಗಂಟೆ ಏಳು ಗಂಟೆಯಾಗಿಯೇ ಉಳಿಯಿತು.

ಇದಕ್ಕೆಲ್ಲ ಬಹಳ ಮೊದಲು, ನಮ್ಮ ಕಡೆ ಪಿನ್ನು ಬ್ಯಾನರುಗಳಿಲ್ಲದ ಕಾಲದಲ್ಲಿ, ಸ್ವಯಂಸೇವಕರನ್ನು ತಯಾರು ಮಾಡುವ ಕೆಲಸವನ್ನು ಕನ್ನಡಿಗರೊಬ್ಬರು ಇಡೀ ದೇಶಕ್ಕೆ ತೋರಿಸಿಕೊಟ್ಟಿದ್ದರು. ಡಾ. ನಾ.ಸು. ಹರ್ಡೀಕರ್ ಹುಬ್ಬಳ್ಳಿಯಲ್ಲಿ ಕಟ್ಟಿದ ಸೇವಾ ಮಂಡಲದ ಹುಡುಗರು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ ಇವರು ಬರೆದುಕೊಡಲಿಲ್ಲ. ಆ ಗಟ್ಟಿತನ ಎಲ್ಲಿಂದ ಬಂತೆಂದು ಕಾಂಗ್ರೆಸ್ಸಿನ ನಾಯಕರೇ ಬೆರಗಾದರು; ಅದೇ ವರ್ಷದ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನದ ವ್ಯವಸ್ಥೆಗೆ ಹೆಗಲು ಕೊಟ್ಟವರಲ್ಲಿ ಇದರ ಸ್ವಯಂಸೇವಕರೂ ಇದ್ದರು. ಹೆಂಗಸರ ವಿಭಾಗವನ್ನು ಉಮಾಬಾಯಿ ಕುಂದಾಪುರ ನೋಡಿಕೊಂಡರು. ಹರ್ಡೀಕರ್ ಅವರ ರೀತಿ ಸರಳ: ಮೊದಲು ಕವಾಯತು, ಶಿಬಿರದ ಶಿಸ್ತು, ಮೈಮುರಿಯುವ ಕೆಲಸ, ಭಾಷಣ ಆಮೇಲೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು, ನಿಷೇಧವಿದ್ದರೂ ಟಿ. ಸಿದ್ದಲಿಂಗಯ್ಯನವರು ಧ್ವಜ ಹಾರಿಸಿದಾಗ ಅಲ್ಲಿ ಸೇರಿದ್ದ ಸಾವಿರಾರು ರೈತರಲ್ಲಿ ಎಷ್ಟು ಜನರ ಬಳಿ ನಾಲ್ಕಾಣೆಯ ಸದಸ್ಯತ್ವದ ರಸೀತಿ ಇತ್ತೆಂದು ಯಾರೂ ಎಣಿಸಿರಲಿಲ್ಲ. ಚಪ್ಪರ ಹಾಕುವುದು, ನೀರು ಹೊರುವುದು, ಅಡುಗೆ ಮಾಡುವುದು ಸುತ್ತಲಿನ ಹಳ್ಳಿಗಳದೇ ಕೆಲಸವಾಗಿತ್ತು.

ನಾಟಕವನ್ನೂ ಸೇವೆಯನ್ನೂ ಒಂದೇ ಗಾಡಿಗೆ ಹೂಡಿದವರೂ ಈ ಜಿಲ್ಲೆಯಲ್ಲೇ ಇದ್ದರು. ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಗೆಳೆಯರ ಬಳಗ ಕಟ್ಟಿ, ತಾವೇ ಬಣ್ಣ ಹಚ್ಚಿ ನಾಟಕವಾಡಿ, ಬಂದ ಹಣವನ್ನು ವಿದ್ಯಾಸಂಸ್ಥೆಗಳ ಕೆಲಸಕ್ಕೆ ಹಾಕಿದರು. 1962ರಲ್ಲಿ ಶುರುವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಅವರ ಜನತಾ ಶಿಕ್ಷಣ ಟ್ರಸ್ಟಿನದು. ಬಳಗದಲ್ಲಿ ಸೇರಿದವನಿಗೆ ಮಾಡಲು ಪಾರ್ಟಿತ್ತು, ಟಿಕೆಟು ಮಾರುವ ಕೆಲಸವಿತ್ತು, ಕಟ್ಟಡ ಏಳುವುದನ್ನು ನೋಡುವ ಸುಖವಿತ್ತು. ಈ ಮೂರರಲ್ಲಿ ಒಂದೂ ಸಿಗದ ಕಡೆ ಮನುಷ್ಯ ಯಾಕೆ ಉಳಿಯಬೇಕೆಂದು ನನಗಂತೂ ತಿಳಿಯದು.

ಕೆಲಸದ ಸ್ವರೂಪವೇ ಬದಲಾಗಿದ್ದೂ ಸದಸ್ಯರು ಜಾರಿಹೋಗಲು ಒಂದು ಕಾರಣ. ಕಣ್ಣಿನ ಶಿಬಿರವನ್ನೇ ತೆಗೆದುಕೊಳ್ಳಿ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕುರುಡರ ಪರವಾಗಿ ನೀವು ನಿಲ್ಲಬೇಕೆಂದು ಕೇಳಿಕೊಂಡ ಮೇಲೆ ಕಣ್ಣಿನ ಕೆಲಸ ಅದರ ಹೆಗ್ಗುರುತಾಯಿತು. ನಮ್ಮಲ್ಲಿ ಅದಕ್ಕೆ ಜೀವ ತುಂಬಿದವರು ಬೀಳಗಿಯಿಂದ ಬಂದ ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ, ಶಾಲೆಯ ಕೊಠಡಿಯಲ್ಲೇ ಮೇಜು ಜೋಡಿಸಿ ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಜನರ ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಡಾಕ್ಟರ ಕೈ ಒಂದು. ಆ ಕೈ ನಡೆಯಬೇಕಾದರೆ ಊರಿನ ನೂರು ಕೈ ಬೇಕಿತ್ತು. ಚಪ್ಪರ ಹಾಕುವವರು, ಹುಲ್ಲು ಹಾಸಿ ಚಾಪೆ ಹರಡುವವರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಮುದುಕ ಮುದುಕಿಯರಿಗೆ ಗಂಜಿ ಕುಡಿಸುವವರು, ಕೈ ಹಿಡಿದು ಬಯಲಿಗೆ ಕರೆದೊಯ್ಯುವವರು. ಪಟ್ಟಿ ಬಿಚ್ಚುವ ದಿನದವರೆಗೂ ಜೊತೆಗಿರಬೇಕಿತ್ತು. ಆಮೇಲೆ ಸೋಂಕಿನ ಭಯ, ಹೊಸ ಲೆನ್ಸು, ಹೊಸ ಯಂತ್ರಗಳು ಬಂದವು; ಶಸ್ತ್ರಚಿಕಿತ್ಸೆ ಆಸ್ಪತ್ರೆಗೇ ಸೀಮಿತವಾಯಿತು. ರೋಗಿಗೆ ಇದು ಒಳ್ಳೆಯದೇ ಆಯಿತು, ಅನುಮಾನವಿಲ್ಲ. ಈಗ ಶಿಬಿರವೆಂದರೆ ತಪಾಸಣೆ; ಆಸ್ಪತ್ರೆಯ ವ್ಯಾನು ಬಂದು ಆಯ್ಕೆಯಾದವರನ್ನು ಹತ್ತಿಸಿಕೊಂಡು ಹೋಗುತ್ತದೆ. ಕ್ಲಬ್ಬಿನ ಸದಸ್ಯನಿಗೆ ಉಳಿದದ್ದು ಉದ್ಘಾಟನೆ, ಶಾಮಿಯಾನ, ಉಪ್ಪಿಟ್ಟು-ಕೇಸರಿಬಾತು, ಫೋಟೊ. ಮಾಡಲು ಏನೂ ಇಲ್ಲದವನು ಎರಡನೇ ಶಿಬಿರಕ್ಕೆ ಬಾರದಿದ್ದರೆ ಅವನದೇನು ತಪ್ಪು?

ಆದರೆ ಮಾಡಲು ಏನೂ ಇಲ್ಲ ಎಂಬುದು ಶಿಬಿರದ ದಿನವನ್ನಷ್ಟೇ ನೋಡುವವರ ಲೆಕ್ಕ. ವ್ಯಾನು ಹತ್ತಿದ ಅಜ್ಜಿ ಮರಳಿ ಬಂದ ಮೇಲೆ ವಾರಗಟ್ಟಲೆ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ಮರುತಪಾಸಣೆಗೆ ಹೋಗಬೇಕು, ಕನ್ನಡಕ ಬಂತೋ ಇಲ್ಲವೋ ನೋಡಬೇಕು. ಮಗ ಬೆಂಗಳೂರಿನಲ್ಲಿ, ಸೊಸೆ ಕೂಲಿಗೆ. ಇಲ್ಲಿ ಒಬ್ಬರಿಗೆ ಮೂರು ಮನೆ ಎಂದು ಹಂಚಿಕೊಟ್ಟರೆ ಅದು ಪಾರ್ಟು. ಬೆಂಗಳೂರಿನಲ್ಲಿರುವ ಹುಡುಗನಿಗೂ ಇದರಲ್ಲಿ ಕೆಲಸವಿದೆ: ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಸುವುದು, ಆಯುಷ್ಮಾನ್ ಕಾರ್ಡಿನ ಕಾಗದ ಸರಿಪಡಿಸುವುದು, ಅಲ್ಲಿಗೆ ಬಂದವರಿಗೆ ಬಸ್‌ ಸ್ಟ್ಯಾಂಡಿನಲ್ಲಿ ಸಿಗುವುದು. ಅವನು ಸಂಜೆ ಏಳರ ಸಭೆಗೆ ಬರಬೇಕಾಗಿಲ್ಲ. ರಕ್ತದಾನಕ್ಕೆ ತನ್ನದೇ ಆದ ಸುತ್ತು ಇದೆ. 18 ದಾಟಿದ, 45 ಕಿಲೋಗಿಂತ ತೂಕವಿರುವ ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವರ್ಷಕ್ಕೊಂದು ಮಹಾ ಶಿಬಿರ ಮಾಡಿ ದಾಖಲೆ ಬರೆಯುವ ಬದಲು, ಊರಿನ ದಾನಿಗಳ ಒಂದು ಪುಸ್ತಕ ಇಟ್ಟು, ಯಾರ ಸರದಿ ಯಾವಾಗ ಎಂದು ನೋಡಿ ಫೋನು ಮಾಡುವ ಒಬ್ಬ ನಿವೃತ್ತ ಮೇಷ್ಟ್ರು ಸಾಕು. ಪೋಲಿಯೊ ಭಾನುವಾರಗಳನ್ನು ನೆನಪಿಸಿಕೊಳ್ಳಿ. ರೋಟರಿ 1985ರಲ್ಲಿ ಆ ಕೆಲಸ ಹಿಡಿದಾಗ ಅದು ಮುಗಿಯುವ ಮಾತೆಂದು ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಬಂತು. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಅದರ ದೊಡ್ಡ ಭಾರ ಹೊತ್ತರು. ಆದರೆ ಬೂತಿನಲ್ಲಿ ಕೂತು ಎರಡು ಹನಿ ಹಾಕಿದ ಸದಸ್ಯನಿಗೆ ತಾನು ಏನು ಮಾಡಿದೆನೆಂಬುದು ಚೆನ್ನಾಗಿ ಗೊತ್ತಿತ್ತು.

ಬಿಟ್ಟು ಹೋಗುವವರ ಬಗ್ಗೆಯೂ ಒಂದು ಮಾತು. ಬೆಳಕವಾಡಿಯಂಥ ಊರಿನಲ್ಲಿ ಓದು ಬರಹ ಬಲ್ಲ, ಓಡಾಡುವ ಜನರಲ್ಲಿ ಬಹಳಷ್ಟು ಮಂದಿ ವರ್ಗವಾಗಿ ಬಂದವರು: ಪಂಚಾಯಿತಿಯ ಪಿಡಿಒ, ಹೈಸ್ಕೂಲಿನ ಮೇಷ್ಟ್ರು, ಠಾಣೆಯವರು, ಬ್ಯಾಂಕಿನವರು, ಸೆಸ್ಕ್‌ನವರು. ಮೂರು ವರ್ಷಕ್ಕೆ ಹೊರಟು ಹೋಗುವವರನ್ನು ಸೇರಿಸಿಕೊಂಡು ಏನು ಪ್ರಯೋಜನ ಎಂದು ಹಿಂಜರಿಯುವುದು ತಪ್ಪು. ಗದ್ದೆ ನಾಟಿಯ ಕಾಲದಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಾಟಿ ಮುಗಿದ ಮೇಲೆ ಗುಂಪು ಚದುರುತ್ತಿತ್ತು, ಮುಂದಿನ ಮಳೆಗೆ ಮತ್ತೆ ಸೇರುತ್ತಿತ್ತು. ನಡುವೆ ಯಾರೂ ರಾಜೀನಾಮೆ ಕೊಡುತ್ತಿರಲಿಲ್ಲ. ಒಂದು ವರ್ಷಕ್ಕೆ ಒಂದು ಕೆಲಸ ಹಿಡಿದು, ಮುಗಿಸಿ, ಕೈಕುಲುಕಿ ಹೋಗುವವನನ್ನು ಸೋಲೆಂದು ಯಾಕೆ ಲೆಕ್ಕ ಹಾಕಬೇಕು? ಹೊರಟವನ ಕೈಯಲ್ಲಿ ಮುಂದಿನ ಊರಿನ ಗೆಳೆಯರಿಗೆ ಒಂದು ಕಾಗದ ಕೊಟ್ಟರೆ ಸಾಕು. ಕೆಲಸ ಹಿಡಿಯುವ ಮುಂಚೆಯೇ ಬಿಟ್ಟವರ ವಿಷಯದಲ್ಲಿ ಮಾತ್ರ ಕ್ಲಬ್ಬು ತನ್ನನ್ನೇ ಕೇಳಿಕೊಳ್ಳಬೇಕು. ಅವರ ಮನೆಗೆ ಹೋಗಿ, ಚಹಾ ಕುಡಿದು, ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ಮಾಡಬೇಕು. ಬಹುಶಃ ಸಿಗುವ ಉತ್ತರ ಒಂದೇ: ‘ಏನ್ ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ.’

ಬೆಳಕವಾಡಿಗೆ ಅಮೆರಿಕದಿಂದ ಚಾರ್ಟರ್ ಬರಲೇಬೇಕೆಂಬ ನಿಯಮವೂ ಇಲ್ಲ. ಬಂದರೆ ಒಳ್ಳೆಯದು, ದೊಡ್ಡ ಸಂಸ್ಥೆಯ ಹೆಸರಿಗೆ ಆಸ್ಪತ್ರೆಗಳ ಬಾಗಿಲು ಬೇಗ ತೆರೆಯುತ್ತದೆ. ಬಾರದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದು ಸಂಘ ಕಟ್ಟಲು ಏಳು ಜನ ಸಾಕು. ಸಂಘದ ಲೆಕ್ಕ ಬರೆಯುವ ಹೆಂಗಸು, ಡೇರಿಯ ಕಾರ್ಯದರ್ಶಿ, ಮೆಡಿಕಲ್ ಸ್ಟೋರಿನವನು, ಆಟೊ ಓಡಿಸುವ ಹುಡುಗ, ವರ್ಗವಾಗಿ ಬಂದ ಮೇಷ್ಟ್ರು, ಪಾಳಿಯಿಂದ ಭಾನುವಾರ ಮಾತ್ರ ಮನೆಗೆ ಬರುವವನು, ಕಾಲೋನಿಯ ಒಬ್ಬ ಪದವೀಧರ. ಏಳಾಯಿತು. ಅಧ್ಯಕ್ಷ ಯಾರು, ವಾರ್ಷಿಕ ಶುಲ್ಕ ಎಷ್ಟು, ಲೆಟರ್‌ಹೆಡ್ಡಿನ ಬಣ್ಣ ಯಾವುದು ಎಂದು ಅವರು ಆಮೇಲೆ ಬೇಕಾದಷ್ಟು ಜಗಳವಾಡಿಕೊಳ್ಳಲಿ. ಪೊರೆ ತೆಗೆಸಿಕೊಳ್ಳುವವರನ್ನು ವ್ಯಾನು ಹತ್ತಿಸುವವರು ಯಾರು, ಮರಳಿ ಬಂದವರ ಮನೆಗೆ ಮೊದಲ ವಾರ ಹೋಗುವವರು ಯಾರು ಎಂಬುದಷ್ಟು ಅದಕ್ಕೆ ಮುಂಚೆ ತೀರ್ಮಾನವಾಗಿರಲಿ.